ಒಂದೇ ಅವರೆ ಗಿಡದಲ್ಲಿ ಐದು ವೇಷದ ಗುಲಗಂಜಿ ಹುಳು: ಇವು ಎಷ್ಟು ಜಾತಿ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಹತ್ತಿರ ನಮ್ಮ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಅವರೆ ಇದೆ. ರಾಗಿ ಕೊಯ್ದಾಯಿತು, ಅವರೆ ಹೂ ಕಾಯಿ ಹಿಡಿದು ನಿಂತಿದೆ. ಕುಡಿಗೆಲ್ಲ ಕರಿ ಹೇನು ಮೆತ್ತಿಕೊಂಡಿದೆ. ಹೇನಿನ ಬೆನ್ನಿಗೇ ಅದನ್ನು ತಿನ್ನುವ ಗುಲಗಂಜಿ ಹುಳುಗಳೂ ಬಂದಿವೆ, ಅದು ಸಂತೋಷವೇ. ಆದರೆ ಒಂದರ ಹಾಗೆ ಇನ್ನೊಂದಿಲ್ಲ!

ಫೋಟೊ 1ರಲ್ಲಿರುವುದು ಹಳದಿ, ಮೇಲೆ ಅಂಕುಡೊಂಕು ಕಪ್ಪು ಗೆರೆ. 2ರಲ್ಲಿ ಗೆರೆ ಅದೇ ಥರ, ಮೈ ಮಾತ್ರ ಕಿತ್ತಳೆ ಕೆಂಪು, ಗೆರೆಗಳೂ ದಪ್ಪ. 3ನೆಯದು ಹೆಚ್ಚುಕಡಿಮೆ ಪೂರ್ತಿ ಕಪ್ಪು, ಭುಜದ ಹತ್ತಿರ ಎರಡು ಕೆಂಪು ಮಚ್ಚೆ. 4 ಕಡುಕೆಂಪು, ನಡುಬೆನ್ನಿಗೆ ಕಪ್ಪು ಪಟ್ಟಿ, ಪಕ್ಕದಲ್ಲಿ ಕವಲೊಡೆದ ಕಪ್ಪು ಗುರುತು. 5ರಲ್ಲಿ ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ, ಬರೀ ತಿಳಿಹಳದಿ. ಫೋನಿನ ಆಪ್‌ಗೆ ತೋರಿಸಿದರೆ ಒಂದೊಂದಕ್ಕೆ ಒಂದೊಂದು ಹೆಸರು ಹೇಳುತ್ತಿದೆ. ಅದೇ 3ನೆಯದು 1ನೆಯದರ ಮೇಲೆ ಹತ್ತಿ ಕೂತಿದ್ದನ್ನೂ ನೋಡಿದೆ. ಬೇರೆ ಬೇರೆ ಜಾತಿ ಆಗಿದ್ದರೆ ಹಾಗೆ ಕೂರುತ್ತವಾ?

ಕೀಟಲೆರಾಯ

ಅವರೆ ಬಿಡಿಸೋದು ಬಿಟ್ಟು ಹುಳದ ಸಂಸಾರ ನೋಡ್ತಾ ಕೂತಿದ್ದೀರಿ ಅಂತ ಮನೇಲಿ ಗೊತ್ತಾ? 😄

1, 2, 3 ಒಂದೇ ಜಾತಿ. 4 ಬೇರೆ. 5ಕ್ಕೆ ಇನ್ನೂ ಬಣ್ಣ ಬಂದಿಲ್ಲ. ಬಾಕಿ ವಿವರ ಎಲೆಮರೆಯವರು ಬಂದು ಹೇಳಲಿ, ಅವರಿಗೆ ಹೇಳದೆ ಇರೋಕೂ ಆಗಲ್ಲ.

ಲೆನ್ಸ್‌ಕಣ್ಣು

ಒಂದು ಹಳದಿ, ಒಂದು ಕಪ್ಪು. ಒಂದೇ ಜಾತಿ ಹೇಗಾಗುತ್ತೆ ಸರ್? ಚುಕ್ಕೆ, ಬಣ್ಣ ನೋಡಿಯೇ ಅಲ್ಲವೇ ಗುಲಗಂಜಿ ಹುಳುಗಳನ್ನು ವಿಂಗಡಿಸುವುದು? ಎರಡು ಚುಕ್ಕೆಯದು, ಏಳು ಚುಕ್ಕೆಯದು, ಹದಿನಾಲ್ಕು ಚುಕ್ಕೆಯದು ಅಂತ ಹೆಸರುಗಳೇ ಇವೆ.

ಎಲೆಮರೆ

ಕೀಟಲೆರಾಯರು ಹೇಳಿದ್ದು ಸರಿ. 1, 2, 3 ಮೂರೂ ಕೈಲೊಮೆನಿಸ್ ಸೆಕ್ಸ್‌ಮ್ಯಾಕುಲೇಟ. ಹಳೆಯ ಕೃಷಿ ಪುಸ್ತಕಗಳಲ್ಲಿ ಮೆನೊಕೈಲಸ್ ಸೆಕ್ಸ್‌ಮ್ಯಾಕುಲೇಟಸ್ ಅಂತ ಇರುತ್ತದೆ, ಅದೂ ಇದೇ. ನಮ್ಮ ಬಯಲುಸೀಮೆಯಲ್ಲಿ ಹೇನು ಹತ್ತಿದ ಅವರೆ, ಅಲಸಂದೆ, ಹತ್ತಿ ಯಾವುದರ ಹತ್ತಿರ ಹೋದರೂ ಮೊದಲು ಸಿಗುವ ಹುಳು. ಹೆಸರಿನಲ್ಲಿ "ಆರು ಚುಕ್ಕೆ" ಅಂತಿದೆ, ಆದರೆ ಹುಳುವಿನ ಮೇಲೆ ಆರು ಬಿಡಿ ಚುಕ್ಕೆ ಹುಡುಕಲು ಹೋದರೆ ಸಿಗುವುದಿಲ್ಲ. ಚುಕ್ಕೆಗಳು ಉದ್ದವಾಗಿ, ಒಂದಕ್ಕೊಂದು ಕೂಡಿ ಅಂಕುಡೊಂಕು ಗೆರೆಯಾಗಿರುತ್ತವೆ. ಗೆರೆ ಸಣ್ಣಗಿದ್ದರೆ ಹಳದಿ ಹುಳು, ದಪ್ಪಗಿದ್ದರೆ ಪಟ್ಟೆ ಹುಳು. ಗೆರೆಗಳ ನಡುವಿನ ಜಾಗವೂ ತುಂಬಿಹೋದರೆ ನಿಮ್ಮ 3ನೆಯ ಫೋಟೊ. ಸಾವಧಾನವಾಗಿ ಹುಡುಕಿದರೆ ನಡುವಿನ ಎಲ್ಲ ಹಂತಗಳೂ ಅದೇ ಹೊಲದಲ್ಲಿ ಸಿಕ್ಕಾವು.

ಈಗ ಬೆನ್ನು ಮುಚ್ಚುವ ಗಟ್ಟಿ ರೆಕ್ಕೆಚಿಪ್ಪಿನ ಚಿತ್ತಾರ ಮರೆತುಬಿಡಿ. ತಲೆಗೂ ರೆಕ್ಕೆಚಿಪ್ಪಿಗೂ ನಡುವೆ ಅಡ್ಡಲಾಗಿ ಒಂದು ಫಲಕ ಇದೆಯಲ್ಲ, ಪ್ರೊನೋಟಮ್, ಅದನ್ನು ನೋಡಿ. 1 ಮತ್ತು 2ರಲ್ಲಿ ಆ ಫಲಕ ತಿಳಿಹಳದಿ. ಹಿಂದಿನ ಅಂಚಿಗೆ ಕಪ್ಪು ಪಟ್ಟಿ, ಅದರ ನಡುವಿನಿಂದ ತಲೆಯ ಕಡೆಗೆ ಕಪ್ಪು ಗುರುತು ಎದ್ದು ಬಂದಿದೆ. 3ರಲ್ಲಿ ಬೆನ್ನು ಕಪ್ಪಾಗಿದ್ದರೂ ಫಲಕದ ವಿನ್ಯಾಸ ಅದೇ, ಕಪ್ಪು ಸ್ವಲ್ಪ ಹರಡಿದೆ ಅಷ್ಟೆ. 4ನೆಯ ಫೋಟೊದಲ್ಲಿ ಹಾಗಿಲ್ಲ. ಫಲಕ ಪೂರ್ತಿ ಕಪ್ಪು, ಮುಂದಿನ ಎರಡು ಮೂಲೆಗಳಲ್ಲಿ ಮಾತ್ರ ತಿಳಿ ಬಣ್ಣದ ಮಚ್ಚೆ. ತಲೆಯೂ ಕಪ್ಪು, ಕಣ್ಣಿನ ಪಕ್ಕ ಎರಡು ತಿಳಿ ಚುಕ್ಕೆ. ಅದು ಕಾಕ್ಸಿನೆಲ್ಲ ಟ್ರಾನ್ಸ್‌ವರ್ಸಾಲಿಸ್. ಭಾರತದಿಂದ ಹಿಡಿದು ಆಸ್ಟ್ರೇಲಿಯದವರೆಗೂ ಇರುವ ಜಾತಿ. ಎರಡನ್ನೂ ವಿಜ್ಞಾನಕ್ಕೆ ಪರಿಚಯಿಸಿ ಹೆಸರಿಟ್ಟವನು ಫ್ಯಾಬ್ರೀಸಿಯಸ್, 1781ರಲ್ಲಿ.

5ರ ಎಡತುದಿಯಲ್ಲಿ ಎಲೆಗೆ ಅಂಟಿಕೊಂಡ ಖಾಲಿ ಕೋಶ ಕಾಣಿಸುತ್ತಿದೆ. ಅದರಿಂದ ಆಗತಾನೆ ಹೊರಬಂದ ಹುಳು ಅದು. ಹೊರಬಂದಾಗ ರೆಕ್ಕೆಚಿಪ್ಪು ಮೆತ್ತಗೆ, ಮಾಸಲು ಹಳದಿ. ಕಪ್ಪು ಗುರುತು ಮೂಡಲು ಗಂಟೆಗಳು ಬೇಕು. ಕೆಂಪು ಗಾಢವಾಗಲು ಇನ್ನೂ ಎಷ್ಟೋ ದಿನ ಹಿಡಿಯುತ್ತದೆ. ಹಾಗಾಗಿ 1 ಮತ್ತು 2ರ ನಡುವಿನ ಹಳದಿ–ಕಿತ್ತಳೆ ವ್ಯತ್ಯಾಸದಲ್ಲಿ ಒಂದು ಪಾಲು ವಯಸ್ಸಿನದೂ ಇರಬಹುದು.

ತೋಟದಮನೆ

ಖಾಲಿ ಕೋಶ ನಾನು ನೋಡಿಯೇ ಇರಲಿಲ್ಲ ಮೇಡಂ! ಈಗ ಫೋಟೊ ದೊಡ್ಡದು ಮಾಡಿ ನೋಡಿದೆ. 4ನೆಯದರ ಫಲಕ ಹೌದು, ಕಪ್ಪೇ.

ಹಾಗಾದರೆ ಜೋಡಿ ಕೂತಿದ್ದೇ ಸಾಕ್ಷಿ ಆಯಿತಲ್ಲ?

ಎಲೆಮರೆ

ಅಷ್ಟು ಸುಲಭವಾಗಿ ಒಪ್ಪಬೇಡಿ. ಗಂಡು ಹುಳುಗಳು ಆತುರಗಾರರು, ಬೇರೆ ಜಾತಿಯ ಹೆಣ್ಣಿನ ಮೇಲೂ ಹತ್ತುತ್ತವೆ. ನಿಮ್ಮ ಹೊಲದಲ್ಲೇ ಕೈಲೊಮೆನಿಸ್ ಗಂಡು ಟ್ರಾನ್ಸ್‌ವರ್ಸಾಲಿಸ್ ಬೆನ್ನೇರಿದ್ದು ಕಂಡರೂ ಆಶ್ಚರ್ಯವಿಲ್ಲ. ಜೋಡಿ ಒಂದು ಸುಳಿವು ಮಾತ್ರ, ಫಲಕವನ್ನೂ ಜೊತೆಗಿಟ್ಟು ನೋಡಬೇಕು. ನಿಜವಾಗಿ ತಿಳಿಯಬೇಕೆಂದರೆ ಮೊಟ್ಟೆಯಿಂದ ಸಾಕಿ ನೋಡಬೇಕು.

ಧಾರವಾಡ_ಮಂದಿ

ಅಲ್ರೀ, ಏಳು ಚುಕ್ಕಿದು ಎಲ್ಲಿ ಹೋತು? ಸಾಲ್ಯಾಗ ಪುಸ್ತಕದಾಗ ಗುಲಗಂಜಿ ಹುಳ ಅಂದ್ರ ಕೆಂಪು ಮೈ, ಏಳು ಕರೀ ಚುಕ್ಕಿ, ಅದೊಂದೇ ಚಿತ್ರ ತೋರಿಸಿದ್ರು. ನಮ್ಮ ಕಡೆ ಕುಸುಬಿಗೆ ಹೇನು ಬಿದ್ದಾಗ ಹುಳ ರಗಡ ಬರ್ತಾವ, ಜ್ವಾಳದಾಗೂ ಅದಾವ. ಆದ್ರ ಏಳು ಚುಕ್ಕಿ ಎಣಿಸಿ ಎಣಿಸಿ ಕಣ್ಣು ನೋಯಿಸಿಕೊಂಡಿದ್ದಷ್ಟೇ ಬಂತು ನೋಡ್ರಿ. ಬರೇ ಗೀಟು, ಕವಲು, ಪಟ್ಟಿ.

ಎಲೆಮರೆ

ಆ ಚಿತ್ರ ಯುರೋಪಿನ ಪುಸ್ತಕಗಳಿಂದ ಬಂದದ್ದು. ಕಾಕ್ಸಿನೆಲ್ಲ ಸೆಪ್ಟೆಂಪಂಕ್ಟೇಟ ನಮ್ಮ ದೇಶದಲ್ಲೂ ಇದೆ. ಉತ್ತರದ ಸಾಸಿವೆ, ಗೋಧಿ ಹೊಲಗಳಲ್ಲಿ ಧಾರಾಳ. ದಕ್ಷಿಣದ ಬಯಲಿನಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಅದರ ಸೋದರ ಜಾತಿ ಟ್ರಾನ್ಸ್‌ವರ್ಸಾಲಿಸ್. ಕುಸುಬಿಯಲ್ಲಿ ನೀವು ನೋಡಿದ ಕವಲು ಗುರುತಿನದು ಬಹುಶಃ ಅದೇ.

ಏಳು ಚುಕ್ಕೆಯದು ನಿಜವಾಗಿ ಸಿಕ್ಕರೆ ಎಣಿಸುವುದು ಹೀಗೆ: ಒಂದೊಂದು ರೆಕ್ಕೆಚಿಪ್ಪಿನ ಮೇಲೆ ಮೂರು ಮೂರು, ಏಳನೆಯದು ಎರಡೂ ಚಿಪ್ಪು ಸೇರುವ ಜಾಗದಲ್ಲಿ ಫಲಕದ ಹಿಂದೆ, ಅರ್ಧ ಅತ್ತ ಅರ್ಧ ಇತ್ತ. ಆ ನಡುಚುಕ್ಕೆಯ ಎರಡೂ ಪಕ್ಕ ಚಿಕ್ಕ ಬಿಳಿ ಗುರುತು. ಈ ಜಾತಿಯಲ್ಲಿ ಚಿತ್ತಾರ ಅಷ್ಟಾಗಿ ಬದಲಾಗುವುದಿಲ್ಲ. ಚುಕ್ಕೆ ಎಣಿಸುವ ಪದ್ಧತಿಗೆ ಇಷ್ಟು ಹೆಸರು ಬಂದದ್ದೇ ಇಂಥ ಒಂದೆರಡು ಶಿಸ್ತಿನ ಜಾತಿಗಳಿಂದ ಅನ್ನಿಸುತ್ತದೆ.

ಧಾರವಾಡ_ಮಂದಿ

ಚುಕ್ಕಿ ಎಷ್ಟೋ ಅಷ್ಟು ವರ್ಷ ವಯಸ್ಸು ಅಂತ ನಮ್ಮ ಮಾಸ್ತರು ಹೇಳ್ತಿದ್ರು. ಅದೂ ಸುಳ್ಳೇನ್ರಿ?

ಕೀಟಲೆರಾಯ

ಬದನೆ ಗಿಡದ ಇಪ್ಪತ್ತೆಂಟು ಚುಕ್ಕೆ ಹುಳಕ್ಕೆ ಹಾಗಾದ್ರೆ ಮದುವೆ ವಯಸ್ಸು. ಸುಳ್ಳು ಸುಳ್ಳು. ನಮ್ಮ ಬಿಸಿಲಲ್ಲಿ ಮೊಟ್ಟೆಯಿಂದ ಹುಳ ಆಗೋಕೆ ಎರಡು ಮೂರು ವಾರ. ಹುಟ್ಟಿದ ದಿನ ಮೂಡಿದ ಚುಕ್ಕೆಯೇ ಸಾಯೋವರೆಗೂ.

ನಂಜನಗೂಡಿನ_ತರಕಾರಿ

ಬದನೆ ಮಾತು ಬಂತು ಅಂತ ಕೇಳ್ತಿದ್ದೀನಿ. ನಮ್ಮ ಬದನೆಗೆ ಬರೋ ಹುಳಕ್ಕೆ ಇಪ್ಪತ್ತೆಂಟು ಚುಕ್ಕೆ ಅಂತ ಎಲ್ಲ ಕರಪತ್ರದಲ್ಲೂ ಹಾಕ್ತಾರೆ. ನಾನು ಎಣಿಸಿದ್ರೆ ಒಂದಕ್ಕೆ 12, ಇನ್ನೊಂದಕ್ಕೆ 18, ಮತ್ತೊಂದಕ್ಕೆ 24. ಒಂದರಲ್ಲಿ ಎಡಗಡೆ ಎಷ್ಟೋ ಬಲಗಡೆ ಅಷ್ಟಿಲ್ಲ. ಇವುಗಳಲ್ಲಿ ಯಾವುದು ಒಳ್ಳೇದು ಯಾವುದು ಕೆಟ್ಟದ್ದು? ಹೇನು ತಿನ್ನೋ ಹುಳನ ಅಪ್ಪಿತಪ್ಪಿ ಸಾಯಿಸಿಬಿಟ್ಟರೆ ಅನ್ನೋದೇ ಭಯ.

ಎಲೆಮರೆ

ಒಳ್ಳೆಯ ಪ್ರಶ್ನೆ. ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ದುಡ್ಡಿನ ಲೆಕ್ಕಕ್ಕೆ ಬರುವ ಪ್ರಶ್ನೆ ಇದೊಂದೇ.

ನಿಮ್ಮ ಬದನೆ ಹುಳು, ಅಂದರೆ ಹೆನೊಸೆಪಿಲಾಕ್ನ ವಿಜಿಂಟಿಯೊಕ್ಟೊಪಂಕ್ಟೇಟದ ಪ್ರತಿ ರೆಕ್ಕೆಚಿಪ್ಪಿನ ಮೇಲೆ ಆರು ಚುಕ್ಕೆ ಕಾಯಂ. ಅವು ಯಾವ ಹುಳುವಿನಲ್ಲೂ ಇರುತ್ತವೆ. ಅವುಗಳ ಜೊತೆಗೆ ಬಂದರೆ ಬಂದಾವು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಚುಕ್ಕೆಗಳು ಎಂಟು. ಎಂಟೂ ಬಂದರೆ ಒಂದು ಪಕ್ಕ 14, ಒಟ್ಟು 28. ಒಂದೂ ಬಾರದಿದ್ದರೆ ಒಟ್ಟು 12. ನಡುವಿನ ಯಾವ ಸಂಖ್ಯೆಯಾದರೂ ಆಗಬಹುದು. ಎಡಬಲ ಹೊಂದದೆಯೂ ಇರಬಹುದು. 12 ಚುಕ್ಕೆಯದನ್ನು ಬೇರೆ ಜಾತಿ ಎಂದು ಎಪಿಲಾಕ್ನ ಡೋಡೆಕಾಸ್ಟಿಗ್ಮ ಅಂತ ಹೆಸರಿಟ್ಟು ಕರೆದವರಿದ್ದಾರೆ, ಹಳೆಯ ಕರಪತ್ರಗಳಲ್ಲಿ ಎರಡು ಹೆಸರೂ ಸಿಗುತ್ತವೆ.

ನಿಮಗೆ ಚುಕ್ಕೆ ಬೇಕಾಗಿಯೇ ಇಲ್ಲ. ಮೈ ನೋಡಿ. ಹೇನು ತಿನ್ನುವ ಕೈಲೊಮೆನಿಸ್, ಕಾಕ್ಸಿನೆಲ್ಲಗಳ ಬೆನ್ನು ನುಣುಪು, ಹೊಳಪು. ಬದನೆ ಹುಳುವಿನ ಬೆನ್ನಿಗೆ ಸಣ್ಣ ರೋಮದ ಹೊದಿಕೆ ಇರುವುದರಿಂದ ಅದು ಮಂಕು, ಹೊಳಪೇ ಇಲ್ಲ. ಬಿಸಿಲಿಗೆ ಓರೆಯಾಗಿ ಹಿಡಿದರೆ ರೋಮ ಬರಿಗಣ್ಣಿಗೇ ಕಾಣುತ್ತದೆ. ಆಮೇಲೆ ಎಲೆ ನೋಡಿ. ಹಸಿರನ್ನು ಕೆರೆದು ತಿಂದು ನರಗಳ ಜಾಲರಿ ಉಳಿಸಿದ್ದರೆ ಅದು ಇವರದೇ ಕೆಲಸ. ಎಲೆಯಡಿ ಹಳದಿ ಮೈಯ, ಕವಲು ಮುಳ್ಳಿನ ಮರಿಗಳು ಸಿಕ್ಕರೆ ಅನುಮಾನವೇ ಬೇಡ.

ಹೊಳಪಿಲ್ಲದವೆಲ್ಲ ಕೆಟ್ಟವು ಅಂತ ಮಾತ್ರ ತೀರ್ಮಾನಿಸಬೇಡಿ. ಸ್ಕಿಮ್ನಸ್ ಥರದ ಚಿಕ್ಕ ಪರಭಕ್ಷಕಗಳಿಗೂ ರೋಮವಿದೆ. ಆದರೆ ಅವು 2 ಮಿ.ಮೀ. ಆಸುಪಾಸು, ಬದನೆ ಹುಳು ಅವುಗಳ ಮೂರು ಪಟ್ಟು ದೊಡ್ಡದು.

ನಂಜನಗೂಡಿನ_ತರಕಾರಿ

ಈಗಷ್ಟೇ ಹೋಗಿ ಓರೆ ಹಿಡಿದು ನೋಡಿದೆ. ರೋಮ ಇದೆ. ಎಲೆ ಜಾಲರಿಯೂ ಇದೆ. ಹಾಗಲ ಬಳ್ಳಿಯಲ್ಲಿರೋದಕ್ಕೂ ಇದೇ ಥರ ಇದೆಯಲ್ಲ?

ಎಲೆಮರೆ

ಹಾಗಲಕ್ಕೆ ಬರುವುದು ಅದೇ ಕುಲದ್ದು, ಜಾತಿ ಬೇರೆಯೂ ಆಗಿರಬಹುದು. ಹೆನೊಸೆಪಿಲಾಕ್ನ ಸೆಪ್ಟಿಮ ಎನ್ನುವುದು ಹಾಗಲದಲ್ಲಿ ದಾಖಲಾಗಿದೆ. ಹೊರಗಿನ ಚುಕ್ಕೆ ನೋಡಿ ಇವುಗಳನ್ನು ಬೇರ್ಪಡಿಸುವ ಧೈರ್ಯ ನಾನು ಮಾಡುವುದಿಲ್ಲ. ಗಂಡು ಹುಳುವಿನ ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಿಮ್ಮ ಕೆಲಸಕ್ಕೆ ಅದು ಬೇಡ. ಎರಡೂ ಎಲೆ ತಿನ್ನುತ್ತವೆ, ಮೊಟ್ಟೆ ಗುಂಪು ಕಂಡ ಎಲೆಗಳನ್ನು ಕಿತ್ತು ಹಾಕುವುದು ಎರಡಕ್ಕೂ ಒಂದೇ.

ಲೆನ್ಸ್‌ಕಣ್ಣು

ಇದೇ ನನಗೆ ಒಪ್ಪಿಗೆಯಾಗದ್ದು. ಮ್ಯಾಕ್ರೊ ಲೆನ್ಸ್ ಹಾಕಿ, ಬೆಳಕು ಹೊಂದಿಸಿ, ಮೊಣಕಾಲೂರಿ ತೆಗೆದ ಫೋಟೊಕ್ಕೆ "ಜನನಾಂಗ ನೋಡಬೇಕು" ಅಂತ ಉತ್ತರ ಬಂದರೆ ನಮ್ಮಂಥವರು ಏನು ಮಾಡಬೇಕು? ಹಕ್ಕಿ ಫೋಟೊ ಹಾಕಿದರೆ ನಿಮಿಷದಲ್ಲಿ ಹೆಸರು ಬರುತ್ತೆ.

ಕೀಟಲೆರಾಯ

ಹಕ್ಕಿ ಪ್ರಪಂಚದಲ್ಲಿ ಒಟ್ಟು ಹತ್ತು ಹನ್ನೊಂದು ಸಾವಿರ ಜಾತಿ, ನೋಡೋ ಜನ ಕೋಟಿ. ಗುಲಗಂಜಿ ಹುಳದ ಕುಟುಂಬ ಒಂದರಲ್ಲೇ ಸುಮಾರು 6,000 ಜಾತಿ, ನೋಡೋರು ನಾನು, ನೀವು, ಎಲೆಮರೆ.

ಎಲೆಮರೆ

ಅಷ್ಟು ಅನಾಥರೇನಲ್ಲ ನಾವು. ಭಾರತ ಉಪಖಂಡದ ಗುಲಗಂಜಿ ಹುಳುಗಳ ಟಿಪ್ಪಣಿ ಸಹಿತ ಪಟ್ಟಿಯನ್ನು ಜೆ. ಪೂರಣಿ ಅವರು 2002ರಲ್ಲಿ ಪ್ರಕಟಿಸಿದ್ದಾರೆ. ಬದನೆ ಹುಳುವಿನ ಬಳಗವನ್ನು ಮಾತ್ರ ಅದರಲ್ಲಿ ಸೇರಿಸಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಜಾಲತಾಣದಲ್ಲಿ ಚಿತ್ರಗಳೂ ಇವೆ. ಒಂದೊಂದು ಜಾತಿಯ ಕೆಳಗೆ ಬೇರೆ ಬೇರೆ ಬಣ್ಣದ ರೂಪಗಳ ಚಿತ್ರ ಹಾಕಿದ್ದಾರೆ, ಅದೇ ಅದರ ದೊಡ್ಡ ಉಪಯೋಗ. ಒಂದು ಜಾತಿಗೆ ಒಂದೇ ಫೋಟೊ ಹಾಕುವ ಪುಸ್ತಕ ಈ ಹುಳುಗಳ ವಿಷಯದಲ್ಲಿ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಮಾಡುತ್ತದೆ.

ಲೆನ್ಸ್‌ಕಣ್ಣು ಅವರಿಗೆ: ನಿಮ್ಮ ಫೋಟೊಗಳು ಚೆನ್ನಾಗಿರುತ್ತವೆ, ಆದರೆ ಎಲ್ಲವೂ ಬೆನ್ನಿನದೇ. ಅದೇ ಮೊಣಕಾಲಲ್ಲಿ ಇನ್ನೊಂದು ನಿಮಿಷ ಕೂತು ಮುಂದಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಕಾಲಿನ ಬಣ್ಣ ಸಿಗಲಿ. ಸಾಧ್ಯವಾದರೆ ಎಲೆ ಮಗುಚಿ ಹೊಟ್ಟೆಯದೂ ಒಂದು. ಗಿಡ ಯಾವುದು, ಅದರ ಮೇಲೆ ಹೇನಿತ್ತೋ ಹಿಟ್ಟು ತಿಗಣೆ ಇತ್ತೋ ಬೂದಿ ರೋಗ ಇತ್ತೋ ಬರೆಯಿರಿ. ಅರ್ಧ ಗುರುತು ಅಲ್ಲೇ ಆಗಿಬಿಡುತ್ತದೆ.

ರಾಮನಗರ_ಗೂಡು

ಬೂದಿ ರೋಗ ಅಂದಿದ್ದಕ್ಕೆ ಕೇಳ್ತೀನಿ. ನಮ್ಮ ಹಿಪ್ಪುನೇರಳೆ ತೋಟದಲ್ಲಿ ಎಲೆಯಡಿ ಬೂದಿ ಬಂದಾಗ ಹಳದಿ ಗುಲಗಂಜಿ ಹುಳಗಳು ಬರ್ತವೆ. ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಅವೂ ಈಗತಾನೆ ಕೋಶದಿಂದ ಬಂದವಾ? ಅಷ್ಟೊಂದು ಒಂದೇ ಸಲ?

ಎಲೆಮರೆ

ಇಲ್ಲ, ಅವು ಬೆಳೆದ ಹುಳುಗಳೇ. ಇಲ್ಲೀಸ್ ಸಿಂಕ್ಟ. ರೆಕ್ಕೆಚಿಪ್ಪು ಕೊನೆತನಕ ಬರೀ ಹಳದಿ. ಫಲಕ ಬಿಳಿ, ಅದರ ಹಿಂದಿನ ಅಂಚಿನಲ್ಲಿ ಎರಡು ಕಪ್ಪು ಚುಕ್ಕೆ, ದೂರದಿಂದ ಅವೇ ಕಣ್ಣು ಅನ್ನಿಸುತ್ತವೆ. ಹೇನನ್ನು ತಿನ್ನುವುದಿಲ್ಲ, ನಿಮ್ಮ ಎಲೆಯನ್ನೂ ತಿನ್ನುವುದಿಲ್ಲ. ಬೂದಿ ರೋಗದ ಶಿಲೀಂಧ್ರವೇ ಅವುಗಳ ಊಟ. ಮರಿಗಳೂ ಅದನ್ನೇ ಮೇಯುತ್ತವೆ. ತೋಟದಮನೆಯವರ 5ನೆಯ ಫೋಟೊದಲ್ಲಿ ಆ ಎರಡು ಚುಕ್ಕೆ ಇಲ್ಲ, ಮೈ ಇನ್ನೂ ಒದ್ದೆ ಒದ್ದೆ, ಪಕ್ಕದಲ್ಲೇ ಕೋಶ. ಹಳದಿ ಒಂದೇ, ಕಾರಣ ಬೇರೆ.

ರಾಮನಗರ_ಗೂಡು

ಹಾಗಿದ್ರೆ ಇರಲಿ ಬಿಡಿ, ಔಷಧಿ ಹೊಡೆಯಲ್ಲ. ರೇಷ್ಮೆ ಹುಳ ಮೇಯೋ ಸೊಪ್ಪಿಗೆ ಹೇಗೂ ಹೊಡೆಯೋ ಹಾಗಿಲ್ಲ.

ಲೀಡ್ಸ್_ಕನ್ನಡತಿ

ಎಲ್ಲರಿಗೂ ಶರಣು. ನಾನು ಇಂಗ್ಲೆಂಡಿನಿಂದ. ಇಲ್ಲಿ ಚಳಿ ಶುರುವಾದರೆ ಮಲಗುವ ಕೋಣೆಯ ಕಿಟಕಿ ಚೌಕಟ್ಟಿನ ಸಂದಿಯಲ್ಲಿ ಗುಂಪು ಗುಂಪಾಗಿ ಬಂದು ಕೂರುತ್ತವೆ. ಅದೇ ಗುಂಪಿನಲ್ಲಿ ಕಿತ್ತಳೆ ಮೈಗೆ ತುಂಬಾ ಕಪ್ಪು ಚುಕ್ಕೆ ಇರುವವು, ಚುಕ್ಕೆಯೇ ಇಲ್ಲದವು, ಕಪ್ಪು ಮೈಗೆ ನಾಲ್ಕು ಕೆಂಪು ಚುಕ್ಕೆಯವು, ಎರಡು ಕೆಂಪು ಚುಕ್ಕೆಯವು. ಪಕ್ಕದ ಮನೆಯ ಅಜ್ಜಿ "ಇವು ನಮ್ಮವಲ್ಲ, ಹೊರಗಿನವು" ಅಂದರು. ನನ್ನನ್ನು ನೋಡಿಕೊಂಡೇ ಅಂದರು ಅನ್ನಿಸಿ ನಗು ಬಂತು. ಇವೂ ಒಂದೇ ಜಾತಿಯೇ?

ಎಲೆಮರೆ

ಒಂದೇ. ಹಾರ್ಮೋನಿಯ ಆಕ್ಸಿರಿಡಿಸ್. ಅಲ್ಲಿಯವರು ಹಾರ್ಲೆಕ್ವಿನ್ ಅನ್ನುತ್ತಾರೆ. ಮೂಲ ಪೂರ್ವ ಏಷ್ಯಾ. ಹೇನು ತಿನ್ನಲಿ ಎಂದು ಯುರೋಪಿಗೂ ಅಮೆರಿಕಕ್ಕೂ ಒಯ್ದು ಬಿಟ್ಟರು. ಬ್ರಿಟನ್ನಿನಲ್ಲಿ ಮೊದಲು ಕಂಡದ್ದು 2004ರಲ್ಲಿ, ಎಸೆಕ್ಸ್ ಕಡೆ. ಬಣ್ಣ ಬದಲಿಸುವುದರಲ್ಲಿ ಇದನ್ನು ಮೀರಿಸುವ ಹುಳು ಇಲ್ಲ, 200ಕ್ಕೂ ಹೆಚ್ಚು ರೂಪಗಳನ್ನು ವಿವರಿಸಿದ್ದಾರೆ. ಆದರೆ ಬಹುಪಾಲು ನಾಲ್ಕು ಮುಖ್ಯ ರೂಪಗಳ ಒಳಗೇ ಬರುತ್ತವೆ: ಕಿತ್ತಳೆಗೆ ಕಪ್ಪು ಚುಕ್ಕೆಯ ಸಕ್ಸಿನಿಯ, ಕಪ್ಪಿಗೆ ಎರಡು ಕೆಂಪಿನ ಕಾನ್‌ಸ್ಪಿಕ್ಯುವ, ನಾಲ್ಕು ಕೆಂಪಿನ ಸ್ಪೆಕ್ಟಾಬಿಲಿಸ್, ಇನ್ನೊಂದಕ್ಕೆ ಜಾತಿಯ ಹೆಸರೇ, ಆಕ್ಸಿರಿಡಿಸ್.

ನಿಮಗೆ ಅಲ್ಲಿ ಎದುರಾಗುವ ನಿಜವಾದ ಕಷ್ಟ ಬೇರೆ. ಅಲ್ಲಿಯದೇ ಹಳೆಯ ಎರಡು ಚುಕ್ಕೆ ಹುಳು ಅಡೇಲಿಯ ಬೈಪಂಕ್ಟೇಟಕ್ಕೂ ಕಪ್ಪು ರೂಪಗಳಿವೆ, ಅದರಲ್ಲಿ ಒಂದಕ್ಕೆ ನಾಲ್ಕು ಕೆಂಪು ಚುಕ್ಕೆ. ಬೆನ್ನಿನ ಫೋಟೊ ಮಾತ್ರ ಇದ್ದರೆ ಅದನ್ನೂ ಸ್ಪೆಕ್ಟಾಬಿಲಿಸನ್ನೂ ಹೊಸಬರು ಅದಲುಬದಲು ಮಾಡುತ್ತಾರೆ. ಕಾಲು ನೋಡಿ. ಎರಡು ಚುಕ್ಕೆಯದರ ಕಾಲು ಕಪ್ಪು, ಹಾರ್ಲೆಕ್ವಿನ್ ಕಾಲು ಹೆಚ್ಚಾಗಿ ಕಂದು. ಗಾತ್ರದಲ್ಲೂ ಹಾರ್ಲೆಕ್ವಿನ್ ದೊಡ್ಡದು, 5ರಿಂದ 8 ಮಿ.ಮೀ. ಇನ್ನೊಂದು 4–5 ಅಷ್ಟೆ. ಮರಿ ಸಿಕ್ಕರಂತೂ ಸುಲಭ. ಹಾರ್ಲೆಕ್ವಿನ್ ಮರಿ ಕಪ್ಪು, ಮುಳ್ಳುಮುಳ್ಳು, ಎರಡೂ ಪಕ್ಕೆಗೆ ಕಿತ್ತಳೆ ಪಟ್ಟಿ. ತಾಯಿ ಯಾವ ರೂಪದ್ದಾದರೂ ಮರಿಯ ಅಂಗಿ ಅದೇ.

ಅಜ್ಜಿಯ ಸಿಟ್ಟಿಗೆ ಕಾರಣವಿದೆ. ಹಾರ್ಲೆಕ್ವಿನ್ ಬಂದ ಐದು ವರ್ಷದಲ್ಲಿ ಬ್ರಿಟನ್ನಿನ ಎರಡು ಚುಕ್ಕೆ ಹುಳು ಶೇಕಡ 44ರಷ್ಟು ಕಡಿಮೆಯಾಯಿತು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದು ಹೇನನ್ನಷ್ಟೇ ಅಲ್ಲ, ಬೇರೆ ಗುಲಗಂಜಿ ಹುಳುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ.

ಲೀಡ್ಸ್_ಕನ್ನಡತಿ

ಕಾಲು ಕಂದು. ನಾಲ್ಕು ಚುಕ್ಕೆಯದರದ್ದೂ ಕಂದೇ. ಇಷ್ಟು ಬಣ್ಣ ಹೇಗೆ ಬರುತ್ತವೆ ಎಂದು ಯಾರಾದರೂ ಕಂಡುಹಿಡಿದಿದ್ದಾರಾ?

ಎಲೆಮರೆ

ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡದವರು ದಾಟಿಹೋಗಿ.

ವಿಕಾಸವಾದದ ದೊಡ್ಡ ಹೆಸರಾದ ಥಿಯೊಡೋಸಿಯಸ್ ಡಾಬ್ಜಾನ್‌ಸ್ಕಿ ತರುಣನಾಗಿದ್ದಾಗ ಕೆಲಸ ಮಾಡಿದ್ದು ಗುಲಗಂಜಿ ಹುಳುಗಳ ಮೇಲೆ. ಹಾರ್ಮೋನಿಯದ ಬಣ್ಣಗಳು ಊರಿಂದೂರಿಗೆ ಹೇಗೆ ಬದಲಾಗುತ್ತವೆ ಎಂದು 1924ರಷ್ಟು ಹಿಂದೆಯೇ ಬರೆದಿದ್ದ. ಮುಂದೆ ಅಮೆರಿಕದಲ್ಲಿ ಅವನ ಶಿಷ್ಯನಾದ ಚೀನಾದ ತಾನ್ ಜಿಯಾಜೆನ್ ಊರಿಗೆ ಮರಳಿ ಇದೇ ಹುಳುಗಳನ್ನು ಕೂಡಿಸಿ ಸಾಕಿ, 1946ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದ. ಶಾಲೆಯ ಬಟಾಣಿ ಪಾಠದಲ್ಲಿ ಎರಡು ಗುಣ ಸೇರಿದರೆ ಒಂದು ಗೆಲ್ಲುತ್ತದೆ, ಇನ್ನೊಂದು ಅಡಗುತ್ತದೆ. ಇಲ್ಲಿ ಹಾಗಲ್ಲ. ತಾಯಿಯಿಂದ ಬಂದ ಜೀನ್ ಚಿಪ್ಪಿನ ಮುಂಭಾಗಕ್ಕೆ ಕಪ್ಪು ಬಳಿಯುವಂಥದ್ದು, ತಂದೆಯದು ಹಿಂಭಾಗಕ್ಕೆ ಬಳಿಯುವಂಥದ್ದು ಎಂದುಕೊಳ್ಳಿ. ಮಗುವಿಗೆ ಎರಡೂ ಕಡೆ ಕಪ್ಪು. ಎರಡು ರಂಗೋಲಿ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಕಾಣುವ ಹಾಗೆ. ಕೆಲವೇ ಮೂಲ ಚಿತ್ತಾರಗಳಿಂದ ಅಷ್ಟೊಂದು ರೂಪ ಹುಟ್ಟುವುದು ಹೀಗೆ.

ಆ ಜೀನ್ ಯಾವುದು ಎಂದು ಗೊತ್ತಾಗಲು 2018 ಬರಬೇಕಾಯಿತು. ಆ ವರ್ಷ ಎರಡು ತಂಡಗಳು, ಒಂದು ಜಪಾನಿನದು, ಇನ್ನೊಂದು ಫ್ರಾನ್ಸ್ ಕಡೆಯದು, ಬೇರೆ ಬೇರೆಯಾಗಿ ಒಂದೇ ಜೀನಿಗೆ ಬಂದು ನಿಂತವು: ಪ್ಯಾನಿಯರ್. ಚಿಪ್ಪು ಬೆಳೆಯುವಾಗ ಈ ಜೀನ್ ಎಲ್ಲೆಲ್ಲಿ ಕೆಲಸ ಮಾಡುತ್ತದೋ ಅಲ್ಲಲ್ಲಿ ಕಪ್ಪು ಮೂಡುತ್ತದೆ.

ಇದರ ಮೇಲೆ ಹವೆಯೂ ಕೈಯಾಡಿಸುತ್ತದೆ. ಕೋಶದಲ್ಲಿದ್ದಾಗ ಚಳಿ ಇದ್ದರೆ ಸಕ್ಸಿನಿಯ ರೂಪದ ಚುಕ್ಕೆಗಳು ದೊಡ್ಡದಾಗುತ್ತವೆ. ಕಪ್ಪು ಮೈ ಬಿಸಿಲನ್ನು ಬೇಗ ಹೀರುತ್ತದೆ. ತಣ್ಣನೆಯ ಜಾಗದಲ್ಲಿ ಬೇಗ ಬೆಚ್ಚಗಾದ ಹುಳುವಿಗೆ ಅಷ್ಟು ಲಾಭ. ತೋಟದಮನೆಯವರ ಕೈಲೊಮೆನಿಸ್‌ನಲ್ಲೂ ಇಂಥದ್ದೊಂದು ಕಾಣುತ್ತದೆ. ಅದೇ ಜಾತಿ ಜಪಾನಿನಲ್ಲೂ ಇದೆ. ದಕ್ಷಿಣದ ದ್ವೀಪಗಳಲ್ಲಿ ಕೆಂಪು ಹೆಚ್ಚು, ಉತ್ತರಕ್ಕೆ ಹೋದಂತೆ ಭುಜದಲ್ಲಿ ಮಾತ್ರ ಕೆಂಪುಳಿದ ಕಪ್ಪು ಹುಳುಗಳು.

ಲೆನ್ಸ್‌ಕಣ್ಣು

ಇದಂತೂ ಚೆನ್ನಾಗಿತ್ತು. ಆದರೂ ಒಂದು ಅನುಮಾನ. ಕೆಂಪು ಬಣ್ಣ ಇರೋದೇ ಹಕ್ಕಿಗಳಿಗೆ "ನಾನು ಕಹಿ, ಮುಟ್ಟಬೇಡ" ಅಂತ ಹೇಳೋಕೆ ಅಂತಾರೆ. ಒಬ್ಬೊಬ್ಬರು ಒಂದೊಂದು ಬೋರ್ಡು ಹಾಕಿಕೊಂಡರೆ ಹಕ್ಕಿ ಕಲಿಯೋದು ಹೇಗೆ?

ಎಲೆಮರೆ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ, ಇದರ ಬಗ್ಗೆ ವಾದ ಇನ್ನೂ ನಡೆದಿದೆ. ಒಂದು ಮಾತಂತೂ ಇದೆ: ಹಳದಿ–ಕಪ್ಪು ಆಗಲಿ ಕೆಂಪು–ಕಪ್ಪು ಆಗಲಿ, ಎದ್ದು ಕಾಣುವ ಗುಣ ಎರಡಕ್ಕೂ ಇದೆ. ಹಿಡಿದರೆ ಕಾಲಿನ ಕೀಲುಗಳಿಂದ ಹಳದಿ ದ್ರವ ಒಸರುತ್ತದೆ. ಅದರ ವಾಸನೆ, ಕಹಿ ಯಾವ ಅಂಗಿ ತೊಟ್ಟರೂ ಒಂದೇ.

ಧಾರವಾಡ_ಮಂದಿ

ಆ ಹಳದಿ ನೀರು ಬೆರಳಿಗೆ ಹತ್ತಿದ್ರ ಊಟದ ತನಕ ವಾಸನಿ ಹೋಗಂಗಿಲ್ರೀ.

ತೋಟದಮನೆ

ಎಲೆಮರೆ ಮೇಡಂ, ಮೊಟ್ಟೆಯಿಂದ ಸಾಕೋದು ಅಂದ್ರಲ್ಲ, ಮನೇಲಿ ಆಗುತ್ತಾ? ಮಗಳು ಆರನೇ ಕ್ಲಾಸು, ಹಟ ಹಿಡಿದಿದ್ದಾಳೆ.

ಎಲೆಮರೆ

ಧಾರಾಳವಾಗಿ ಆಗುತ್ತದೆ. ಅವರೆ ಎಲೆಯಡಿ ಹಳದಿ ಮೊಟ್ಟೆಗಳು ಗುಂಪಾಗಿ ನಿಂತಿರುತ್ತವೆ, ಎಲೆ ಸಮೇತ ತಂದು ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಒಡೆದ ಕೂಡಲೇ ಹೇನಿರುವ ಕುಡಿ ಕೊಡಬೇಕು. ದಿನಾ ಹೊಸದು, ಬೇಕಾದ್ದಕ್ಕಿಂತ ಹೆಚ್ಚೇ ಕೊಡಿ. ಹಸಿದರೆ ಒಂದನ್ನೊಂದು ತಿಂದುಬಿಡುತ್ತವೆ, ಮಗಳಿಗೆ ಮೊದಲೇ ಹೇಳಿಡಿ. ಮರಿ ಬೆಳೆಯುತ್ತಾ ಮೂರು ಸಲ ಪೊರೆ ಬಿಟ್ಟು ನಾಲ್ಕು ಹಂತ ದಾಟಿ, ಆಮೇಲೆ ಕೋಶ ಕಟ್ಟುತ್ತದೆ. ದೊಡ್ಡ ಮರಿಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿದರೆ ಒಳ್ಳೆಯದು.

ತಾಯಿಯನ್ನೂ ಹಿಡಿದಿಟ್ಟು ಅದರ ಫೋಟೊ ತೆಗೆದಿಟ್ಟುಕೊಂಡರೆ ತಾಯಿ ಮಕ್ಕಳ ಬಣ್ಣ ಹೋಲಿಸಬಹುದು. ಒಂದು ಎಚ್ಚರ: ಹೆಣ್ಣು ಹುಳು ಒಂದಕ್ಕಿಂತ ಹೆಚ್ಚು ಗಂಡಿನ ಜೊತೆ ಕೂಡಿರುತ್ತದೆ. ಒಂದೇ ಗುಂಪಿನ ಮೊಟ್ಟೆಗಳಿಗೆ ತಂದೆ ಒಬ್ಬನೇ ಅಂತ ಲೆಕ್ಕ ಹಾಕಬೇಡಿ.

ಕೀಟಲೆರಾಯ

ಆರನೇ ಕ್ಲಾಸಿನ ಮಗುವಿಗೆ ಇದನ್ನು ಹೇಗೆ ವಿವರಿಸ್ತೀರೋ ನೀವೇ ನೋಡ್ಕೊಳ್ಳಿ.

ಇನ್ನೊಂದು ಮಾತು, ಅವರೆಯಲ್ಲಿ ಗುಂಡಗೆ ಹಸಿರುಗಂದು ಬಣ್ಣದ ಹುಳ ಕಾಂಡಕ್ಕೆ ಸಾಲಾಗಿ ಅಂಟಿಕೊಂಡಿರೋದೂ ಉಂಟು. ಅದನ್ನೂ ಗುಲಗಂಜಿ ಹುಳ ಅಂತ ತಂದುಬಿಟ್ಟೀರಿ. ಅದು ತಿಗಣೆ, ಮಗುಚಿದರೆ ಹೊಟ್ಟೆಯಡಿ ರಸ ಹೀರೋ ಕೊಳವೆ ಕಾಣುತ್ತೆ. ಬೆನ್ನ ಮೇಲೆ ಎರಡು ಚಿಪ್ಪು ಸೇರೋ ನೇರ ಗೆರೆಯೂ ಇರಲ್ಲ.

ವಿಜಯಪುರ_ದ್ರಾಕ್ಷಿ

ನಮ್ಮಲ್ಲಿ ಉಲ್ಟಾ. ದ್ರಾಕ್ಷಿ ಬಳ್ಳಿಯಾಗ ಬಿಳಿ ಹಿಟ್ಟು ತಿಗಣಿ ಅಂತ ತಿಳಕೊಂಡು ಮಂದಿ ಹೊಡಿತಾರ, ನೋಡಿದ್ರ ಅದರಾಗ ಅರ್ಧ ಗುಲಗಂಜಿ ಹುಳದ ಮರಿ. ಮೈತುಂಬ ಬಿಳಿ ಮೇಣದ ಎಳಿ. ಗುರುತು ಹೆಂಗ್ರಿ ಅಂದ್ರ, ಕಡ್ಡೀಲೆ ಮುಟ್ಟಬೇಕು. ತಿಗಣಿ ಕೂತಲ್ಲೇ ಕೂತಿರ್ತದ, ಮರಿ ಸರಸರ ಓಡ್ತದ.

ಎಲೆಮರೆ

ಕ್ರಿಪ್ಟೊಲೀಮಸ್ ಮಾಂಟ್ರೊಜಿಯರಿ. ಆಸ್ಟ್ರೇಲಿಯದ್ದು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟದ ವಿರುದ್ಧ ಭಾರತಕ್ಕೆ ತಂದರು. ಕೊನೆಗೆ ಅದು ಹೆಸರು ಮಾಡಿದ್ದು ಹಿಟ್ಟು ತಿಗಣೆ ತಿನ್ನುವುದರಲ್ಲಿ. ದೊಡ್ಡ ಹುಳುವಿನ ರೆಕ್ಕೆಚಿಪ್ಪು ಕಪ್ಪು, ತಲೆ, ಫಲಕ, ಚಿಪ್ಪಿನ ತುದಿ ಕಿತ್ತಳೆ. ಕಡ್ಡಿಯ ಪರೀಕ್ಷೆ ಅಚ್ಚುಕಟ್ಟಾಗಿದೆ, ಎಲ್ಲರೂ ಬರೆದಿಟ್ಟುಕೊಳ್ಳಿ.

ಕರಾವಳಿ_ಗದ್ದೆ

ನಮ್ದೂ ಒಂದು ಉಂಟು ಮಾರಾಯ್ರೆ. ಉಡುಪಿ ಕಡೆ ಭತ್ತದ ಗದ್ದೆ. ಎರಡು ಥರದ್ದು ಸಿಕ್ಕಿತು. ಒಂದು ಕಿತ್ತಳೆ, ಚುಕ್ಕೆ ಇಲ್ಲ, ನಡುಬೆನ್ನಿಗೆ ಉದ್ದಕ್ಕೆ ಸಪೂರ ಕಪ್ಪು ಗೆರೆ. ಇನ್ನೊಂದು ಅದಕ್ಕಿಂತ ದೊಡ್ಡದು, ಮಾಸಲು ಹಳದಿ, ಕಪ್ಪು ಚುಕ್ಕೆಗಳು ಅಡ್ಡಸಾಲಾಗಿ ಕೂಡಿಕೊಂಡ ಹಾಗೆ. ಫೋಟೊ ಹಾಕಿದ್ದೇನೆ, ಎರಡೂ ಬೆನ್ನಿನದ್ದು.

ಎಲೆಮರೆ

ಮೊದಲನೆಯದು ಮೈಕ್ರಾಸ್ಪಿಸ್ ಡಿಸ್ಕಲರ್. ಭತ್ತದ ಗದ್ದೆಯ ಹಳೆಯ ನೆಂಟ. ಹೂ ಬಂದಾಗ ಪರಾಗ ತಿನ್ನುತ್ತಾ ತೆನೆಯ ಮೇಲೆ ಕೂತಿರುತ್ತದೆ, ಪೈರಿಗೆ ಹಾನಿ ಅಂತ ತಪ್ಪು ತಿಳಿಯಬೇಡಿ.

ಎರಡನೆಯದು ಹಾರ್ಮೋನಿಯ ಆಕ್ಟೊಮ್ಯಾಕುಲೇಟ ಇರಬಹುದು. ಅದೂ ವೇಷಗಾರನೇ. ಚುಕ್ಕೆ ಪೂರ್ತಿ ಮಾಯವಾದದ್ದೂ ಉಂಟು, ಕೂಡಿ ಪಟ್ಟೆಯಾದದ್ದೂ ಉಂಟು. ನಿಮ್ಮ ಫೋಟೊದಲ್ಲಿ ಫಲಕದ ಮೇಲೆ ಎಲೆಯ ನೆರಳು ಬಿದ್ದಿದೆ. ಮುಂದಿನಿಂದ ಇನ್ನೊಂದು ತೆಗೆದು ಹಾಕುತ್ತೀರಾ?

ಕರಾವಳಿ_ಗದ್ದೆ

ಎಲ್ಲಿಂದ ತೆಗೆಯುವುದು, ಹಾರಿ ಆಚೆ ಗದ್ದೆಗೆ ಹೋಯಿತು.

ಎಲೆಮರೆ

ಹಾಗಾದರೆ "ಹಾರ್ಮೋನಿಯ, ಜಾತಿ ಖಚಿತವಿಲ್ಲ" ಅಂತ ಬರೆದಿಡಿ. ಊರು, ತಾರೀಖು, ಬೆಳೆ ಸೇರಿಸಿ.

ಲೆನ್ಸ್‌ಕಣ್ಣು

ನನ್ನ ಹಳೆಯ ಆಲ್ಬಮ್‌ನಲ್ಲಿ ಗುಲಗಂಜಿ ಹುಳುಗಳದ್ದೇ ಒಂದು ಫೋಲ್ಡರ್ ಇದೆ. ಈ ವಾರ ಅದರಲ್ಲಿ ಕಾಲು, ಫಲಕ ಕಾಣಿಸುವವನ್ನು ಬೇರೆ ಮಾಡಿ ಹಾಕುತ್ತೇನೆ. ಬೆನ್ನು ಮಾತ್ರ ಇರುವವಕ್ಕೆ ಕುಲದ ಹೆಸರು ಸಾಕು.